ಅವಲಾನಿನ ಹಾಡುಗಾರ

ನೇಗಿಲು ಹಿಡಿದ ಕೈಯಲ್ಲಿಯೇ ವಾದ್ಯವನ್ನೂ ಹಿಡಿದವರು ಎಲ್ಲ ನಾಡುಗಳಲ್ಲಿಯೂ ಇದ್ದಾರೆ. ಅವರಲ್ಲಿ ಬಹುಮಂದಿಯ ಹೆಸರು ಊರಿನ ಎಲ್ಲೆಯನ್ನು ದಾಟುವುದಿಲ್ಲ. ಅವರ ಹಾಡು ಅವರೊಡನೆಯೇ ಮಣ್ಣಾಗುತ್ತದೆ. ಹಾಗೆ ಮರೆಯಾಗಿ ಹೋಗಬೇಕಾಗಿದ್ದು, ತಾನು ಹಾಡಿದ ಒಂದು ಹಾಡಿನ ದೆಸೆಯಿಂದಲೇ 34 ವರ್ಷಗಳ ಅನಂತರ ಮತ್ತೆ ಲೋಕದ ಕಣ್ಣಿಗೆ ಬಿದ್ದವನು ಅಮೆರಿಕದ ಜನಪದ ಗಾಯಕ ಮಿಸಿಸಿಪಿ ಜಾನ್ ಹರ್ಟ್.

ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿ ಮಿಸಿಸಿಪಿ ಎಂಬ ರಾಜ್ಯವಿದೆ. ಹತ್ತಿಯ ಬೆಳೆಗೆ ಹೆಸರಾದ ಆ ರಾಜ್ಯದ ಕ್ಯಾರೊಲ್ ಕೌಂಟಿಯಲ್ಲಿ, 1890ರ ದಶಕದ ಮೊದಲ ವರ್ಷಗಳಲ್ಲಿ, ಜಾನ್ ಹರ್ಟ್ ಜನಿಸಿದನು. ಗುಲಾಮಗಿರಿ 1865ರಲ್ಲಿಯೇ ರದ್ದಾಗಿದ್ದರೂ ಕಪ್ಪು ಜನರ ಬಾಳು ಹಸನಾಗಿರಲಿಲ್ಲ. ಭೂಮಿ ಬಿಳಿಯರದು, ದುಡಿಮೆ ಕರಿಯರದು. ಒಡೆಯನ ಹೊಲವನ್ನು ಕೋರಿಗೆ ಮಾಡಿ, ಬೀಜಕ್ಕೂ ಬಟ್ಟೆಗೂ ಅವನಲ್ಲಿಯೇ ಸಾಲ ತಂದು, ಸುಗ್ಗಿಯ ಕೊನೆಗೆ ಬರಿಗೈಯಲ್ಲಿ ನಿಲ್ಲುವುದು ಅಲ್ಲಿ ದಿನನಿತ್ಯದ ಸಂಗತಿಯಾಗಿತ್ತು. ಜಾನ್ ಹಸುಳೆಯಾಗಿದ್ದಾಗಲೇ ಅವನ ಮನೆಯವರು ಅವಲಾನ್ ಎಂಬ ಸಣ್ಣ ಹಳ್ಳಿಗೆ ಬಂದು ನೆಲೆಸಿದರು. ಬಾಲ್ಯದಲ್ಲಿಯೇ ಓದು ನಿಂತಿತು. ಹೊಲದ ಕೆಲಸ ಮೊದಲಾಯಿತು.

ಒಂಬತ್ತು ವರ್ಷದ ಮಗನ ಹಂಬಲವನ್ನು ಕಂಡ ತಾಯಿ ಒಂದೂವರೆ ಡಾಲರಿಗೆ ಒಂದು ಗಿಟಾರನ್ನು ಕೊಂಡುಕೊಟ್ಟಳು. ಕಲಿಸುವ ಗುರು ಯಾರೂ ಇರಲಿಲ್ಲ. ಕೇಳಿದ್ದನ್ನು ನುಡಿಸಿ ನೋಡುತ್ತ ಅವನು ತನ್ನದೇ ಆದ ಒಂದು ವಾದನಕ್ರಮವನ್ನು ರೂಪಿಸಿಕೊಂಡನು. ಹೆಬ್ಬೆರಳು ಮಂದ್ರದ ತಂತಿಗಳನ್ನು ತಾಳ ತಪ್ಪದಂತೆ ಮೀಟುತ್ತಿದ್ದರೆ, ಉಳಿದ ಬೆರಳುಗಳು ತಾರದ ತಂತಿಗಳ ಮೇಲೆ ಹಾಡಿನ ಮಟ್ಟನ್ನು ಬಿಡಿಸುತ್ತಿದ್ದವು. ಕಣ್ಣು ಮುಚ್ಚಿ ಕೇಳಿದವರಿಗೆ ಇಬ್ಬರು ನುಡಿಸುತ್ತಿರುವಂತೆ ತೋರುತ್ತಿತ್ತು. ದಕ್ಷಿಣದ ಕಪ್ಪು ಜನರು ತಮ್ಮ ದುಡಿಮೆ, ಅಗಲಿಕೆ, ಅಳಲುಗಳನ್ನು ತೋಡಿಕೊಂಡ ಹಾಡುಗಳಿಗೆ ಬ್ಲೂಸ್ ಎಂದು ಹೆಸರು. ಆ ಹಾಡುಗಾರರಲ್ಲಿ ಅನೇಕರ ದನಿ ಒರಟು, ಆವೇಶದ್ದು. ಹರ್ಟನ ದನಿಯಾದರೋ ಮೆಲುವಾದುದು. ಪಕ್ಕದಲ್ಲಿ ಕುಳಿತವರೊಡನೆ ಮಾತನಾಡುವಂತಹುದು. ಬ್ಲೂಸ್ ಅಲ್ಲದೆ ಲಾವಣಿಗಳನ್ನೂ ಭಕ್ತಿಗೀತೆಗಳನ್ನೂ ಅವನು ಹಾಡುತ್ತಿದ್ದನು. ಕೆಲವು ಕಾಲ ರೈಲುಹಾದಿಯ ಕೆಲಸಕ್ಕೆ ಹೋದಾಗ ಅಲ್ಲಿನ ಕೂಲಿಗಾರರಿಂದಲೂ ಹಾಡು ಕಲಿತನು.

1920ರಲ್ಲಿ ಮೇಮಿ ಸ್ಮಿತ್ ಎಂಬ ಕಪ್ಪು ಗಾಯಕಿಯ ಬ್ಲೂಸ್ ಮುದ್ರಿಕೆ ಅಪಾರವಾಗಿ ಮಾರಾಟವಾಯಿತು. ಅಂದಿನಿಂದ ಗ್ರಾಮಫೋನ್ ಕಂಪನಿಗಳು ಹೊಸ ಹಾಡುಗಾರರನ್ನು ಹುಡುಕಿಕೊಂಡು ದಕ್ಷಿಣದ ಊರುಗಳಿಗೆ ಬರತೊಡಗಿದವು. ನೆರೆಯ ಬಿಳಿಯ ಪಿಟೀಲುವಾದಕ ವಿಲ್ಲೀ ನಾರ್ಮರ್ ಕುಣಿತದ ಕೂಟಗಳಲ್ಲಿ ಹರ್ಟನೊಡನೆ ನುಡಿಸಿದ್ದವನು. ಕರಿಯರೂ ಬಿಳಿಯರೂ ಒಂದೆಡೆ ಕುಳಿತು ಉಣ್ಣಲಾಗದಿದ್ದ ಆ ಕಾಲದಲ್ಲಿ ಅವನು ಓಕೆ ಎಂಬ ಕಂಪನಿಯವರಿಗೆ ತನ್ನ ಜೊತೆಗಾರನ ಹೆಸರನ್ನು ಹೇಳಿದನು. 1928ರ ಫೆಬ್ರವರಿಯಲ್ಲಿ ಹರ್ಟ್ ಮೆಂಫಿಸ್ ನಗರಕ್ಕೆ ಹೋಗಿ ಧ್ವನಿಗ್ರಾಹಕದ ಮುಂದೆ ಕುಳಿತನು. ಹಿಂದಿನ ಕಾಲದಲ್ಲಿ ದೊಡ್ಡ ಕೊಳವೆಯೊಳಕ್ಕೆ ಗಟ್ಟಿಯಾಗಿ ಹಾಡಿದರಷ್ಟೇ ಮುದ್ರಣವಾಗುತ್ತಿತ್ತು. ವಿದ್ಯುತ್ತಿನ ಹೊಸ ಯಂತ್ರ ಬಂದುದರಿಂದ ಅವನ ಮೆಲುದನಿಯೂ ದಾಖಲಾಗಲು ಸಾಧ್ಯವಾಯಿತು. ಆದರೆ ಅಲುಗಾಡಬಾರದೆಂದು ಕಟ್ಟುಮಾಡಿದ್ದರಿಂದ ಹಲವು ದಿನ ಕುತ್ತಿಗೆ ನೋವಾಯಿತೆಂದು ಮುಂದೆ ಅವನೇ ನೆನೆದನು. ಅರಗು ಬೆರೆಸಿ ಮಾಡಿದ ತಟ್ಟೆಯ ಒಂದು ಮೈಯಲ್ಲಿ ಮೂರು ನಿಮಿಷದಷ್ಟು ಹಾಡು ಮಾತ್ರ ಹಿಡಿಯುತ್ತಿತ್ತು. ಮಾರಾಟಕ್ಕೆ ಅನುಕೂಲವಾಗಲೆಂದು ಕಂಪನಿಯವರು ಅವನ ಹೆಸರಿನ ಮುಂದೆ ರಾಜ್ಯದ ಹೆಸರನ್ನೂ ಸೇರಿಸಿದರು.

ಅದೇ ವರ್ಷದ ಡಿಸೆಂಬರಿನಲ್ಲಿ ಅವನನ್ನು ನ್ಯೂಯಾರ್ಕಿಗೆ ಕರೆಸಲಾಯಿತು. ಒಂದು ದಿನದ ಮುದ್ರಣಕ್ಕೂ ಮತ್ತೊಂದಕ್ಕೂ ನಡುವೆ ಒಂದು ವಾರದ ಬಿಡುವು. ಆ ಮಹಾನಗರದ ಗದ್ದಲದಲ್ಲಿ ಒಂಟಿಯಾಗಿದ್ದ ಹಳ್ಳಿಗನಿಗೆ ಊರಿನ ನೆನಪು ಕಾಡಿತು. ಅವನು ತನ್ನ ಅವಲಾನನ್ನು ಕುರಿತು ಒಂದು ಹಾಡು ಕಟ್ಟಿ ಹಾಡಿದನು. ಅದೇ ಅವಲಾನ್ ಬ್ಲೂಸ್. ಅವನಿಗೆ ಅದು ಮನೆಯ ಹಂಬಲ ಮಾತ್ರ. ಕಾಲಾಂತರದಲ್ಲಿ ಅದು ಅವನ ವಿಳಾಸವೇ ಆಯಿತು.

ಅವನ 12 ಹಾಡುಗಳು ತಟ್ಟೆಗಳಾಗಿ ಹೊರಬಂದವು. ಅಷ್ಟರಲ್ಲಿ 1929ರ ಆರ್ಥಿಕ ಕುಸಿತ ಬಂದೆರಗಿತು. ಊಟಕ್ಕೇ ಗತಿಯಿಲ್ಲದ ಜನ ತಟ್ಟೆಗಳನ್ನು ಕೊಳ್ಳುವುದೆಂತು? ಕಂಪನಿ ಅವನನ್ನು ಮರೆಯಿತು. ಹರ್ಟ್ ಹೊಲಕ್ಕೆ ಮರಳಿದನು. ಹತ್ತಿ ಬಿಡಿಸಿದನು, ದನ ಮೇಯಿಸಿದನು, ಊರವರ ಕೂಟಗಳಲ್ಲಿ ಹಾಡಿದನು. ಹೀಗೆ ಮೂರು ದಶಕಗಳು ಉರುಳಿದವು.

1952ರಲ್ಲಿ ಹ್ಯಾರಿ ಸ್ಮಿತ್ ಎಂಬ ಸಂಗ್ರಾಹಕನು ಹಳೆಯ ತಟ್ಟೆಗಳನ್ನು ಆರಿಸಿ ಅಮೆರಿಕದ ಜನಪದ ಸಂಗೀತದ ಸಂಕಲನವೊಂದನ್ನು ಹೊರತಂದನು. ಅದರಲ್ಲಿ ಹರ್ಟನ ಎರಡು ಹಾಡುಗಳಿದ್ದವು. ಅವನ್ನು ಕೇಳಿ ಬೆರಗಾದ ತರುಣರು ಗಾಯಕನು ಎಂದೋ ಸತ್ತಿರಬೇಕೆಂದು ಭಾವಿಸಿದರು. ಅವಲಾನ್ ಬ್ಲೂಸ್ ಕೇಳಿದ ಕೆಲವರಿಗೆ ಮಾತ್ರ ಆ ಊರನ್ನು ಹುಡುಕಬೇಕೆನಿಸಿತು. ಹೊಸ ಭೂಪಟಗಳಲ್ಲಿ ಅದು ಸಿಕ್ಕಲಿಲ್ಲ. ಕೊನೆಗೆ 19ನೆಯ ಶತಮಾನದ ಒಂದು ಭೂಪಟದಲ್ಲಿ ಆ ಹೆಸರು ಕಂಡಿತು. 1963ರಲ್ಲಿ ಟಾಮ್ ಹಾಸ್ಕಿನ್ಸ್ ಎಂಬ ಬಿಳಿಯ ಯುವಕ ಅಲ್ಲಿಗೆ ಹೋಗಿ ಅಂಗಡಿಯೊಂದರಲ್ಲಿ ವಿಚಾರಿಸಿದನು. ಅಂಗಡಿಯವರು ದಾರಿ ತೋರಿಸಿ, ಗುಡ್ಡದ ಮೇಲಣ ಮೂರನೆಯ ಅಂಚೆಪೆಟ್ಟಿಗೆಯ ಮನೆಯೆಂದು ತಿಳಿಸಿದರು.

ಕಪ್ಪು ಜನರು ಸಮಾನ ಹಕ್ಕಿಗಾಗಿ ಹೋರಾಡುತ್ತಿದ್ದ ವರ್ಷವದು. ಅದೇ ಜೂನಿನಲ್ಲಿ ಮಿಸಿಸಿಪಿಯ ಹೋರಾಟಗಾರ ಮೆಡ್ಗರ್ ಎವರ್ಸ್ ತನ್ನ ಮನೆಯ ಮುಂದೆಯೇ ಗುಂಡಿಗೆ ಬಲಿಯಾದನು. ಅಂತಹ ಕಾಲದಲ್ಲಿ ಅಪರಿಚಿತ ಬಿಳಿಯನೊಬ್ಬ ಬಾಗಿಲಿಗೆ ಬಂದರೆ ಬಡ ಕೂಲಿಗಾರನು ಅಂಜದೆ ಇರುವುದೆಂತು? ಪೊಲೀಸಿನವನೇ ಬಂದನೆಂದು ಹರ್ಟ್ ಶಂಕಿಸಿದನು. ಸಂಶಯ ಕಳೆದು ಗಿಟಾರನ್ನು ಕೈಗೆತ್ತಿಕೊಂಡಾಗ, 70ರ ಅಂಚಿನಲ್ಲಿದ್ದ ಅವನ ಬೆರಳುಗಳು ಹಾಡುಗಳನ್ನು ಮರೆತಿರಲಿಲ್ಲವೆಂಬುದು ತಿಳಿಯಿತು.

ಅದೇ ಜುಲೈ ತಿಂಗಳಲ್ಲಿ ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ಸಾವಿರಾರು ಜನ ಅವನ ಹಾಡನ್ನು ಕಿವಿಗೊಟ್ಟು ಕೇಳಿದರು. ಅಮೆರಿಕದ ರಾಷ್ಟ್ರೀಯ ಗ್ರಂಥಾಲಯ ಅವನ ಹಾಡುಗಳನ್ನು ಮುದ್ರಿಸಿಕೊಂಡಿತು. ವಿದ್ಯಾರ್ಥಿಗಳು ಅವನ ಬೆರಳುಗಳ ಚಲನೆಯನ್ನು ನೋಡಿ ಕಲಿತರು. ಕೀರ್ತಿ ಬಂದಿತೆಂದು ಅವನು ಹಿಗ್ಗಲಿಲ್ಲ. ಮೊದಲಿನ ಸೌಜನ್ಯ, ಮೊದಲಿನ ಮೆಲುದನಿ ಹಾಗೆಯೇ ಉಳಿದವು. 1966ರ ನವೆಂಬರ್ 2ರಂದು ಮಿಸಿಸಿಪಿಯ ಗ್ರೆನಡಾದಲ್ಲಿ ಅವನು ಕಣ್ಣು ಮುಚ್ಚಿದನು.

ಬಾಳಿನ ಸಂಜೆಯಲ್ಲಿ ಅವನಿಗೆ ದೊರೆತದ್ದು ಮೂರು ವರ್ಷಗಳ ಮನ್ನಣೆ. ಹೊಲದಲ್ಲಿ ಸವೆದ ಮೂರು ದಶಕಗಳನ್ನು ಆ ಮನ್ನಣೆ ಹಿಂದಕ್ಕೆ ಕೊಡಲಾರದು. ಊರಿನ ಹೆಸರನ್ನು ಹಾಡಿನಲ್ಲಿ ಇರಿಸದೆ ಹೋದ ಎಷ್ಟು ಮಂದಿ ಗಾಯಕರು ಹುಡುಕುವವರಿಲ್ಲದೆ ಅಳಿದರೋ! ಅವನು ಬಾಳಿದ್ದ ಪುಟ್ಟ ಮನೆಯನ್ನು ವಸ್ತುಸಂಗ್ರಹಾಲಯವಾಗಿ ಕಾಪಾಡಲಾಗಿತ್ತು. 2024ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಆದರೆ ಊರನ್ನು ನೆನೆದು ಅವನು ಹಾಡಿದ ಆ ಮೂರು ನಿಮಿಷದ ಹಾಡನ್ನು ಜನರು ಇಂದಿಗೂ ಕೇಳುತ್ತಿದ್ದಾರೆ.