ಯಲ್ಲಾಪ್ರಗಡ ಸುಬ್ಬರಾಯರು

ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಕೆಲವರ ಹೆಸರು ಅವರು ಕಂಡುಹಿಡಿದ ವಸ್ತುವಿನೊಡನೆಯೇ ಉಳಿದುಬರುತ್ತದೆ. ಕೆಲವರದು ಹಾಗಲ್ಲ, ವಸ್ತು ಮನೆಮನೆಗೆ ತಲುಪುತ್ತದೆ, ಹೆಸರು ದಾರಿಯಲ್ಲೆಲ್ಲೋ ಕಳಚಿಬೀಳುತ್ತದೆ. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರವೇ ಆಗಲಿ, ಮಲೆನಾಡಿನ ಒಂಟಿ ಹಳ್ಳಿಯೇ ಆಗಲಿ, ಶಾಲೆಗಳಲ್ಲಿ ವಾರಕ್ಕೊಮ್ಮೆ ಹಂಚುವ ನೀಲಿ ಮಾತ್ರೆಯಲ್ಲಿ ಕಬ್ಬಿಣದ ಜೊತೆಗೆ ಫೋಲಿಕ್ ಆಮ್ಲವೆಂಬ ಜೀವಸತ್ವವೂ ಇರುತ್ತದೆ. ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸುವ ಮಾರ್ಗವನ್ನು ತೋರಿಸಿಕೊಟ್ಟ ತಂಡದ ಮುಂದಾಳು ನಮ್ಮ ನೆರೆಯ ಆಂಧ್ರದವರಾದ ಯಲ್ಲಾಪ್ರಗಡ ಸುಬ್ಬರಾಯರು.

ಸುಬ್ಬರಾಯರು 1895ರ ಜನವರಿ 12ರಂದು ಗೋದಾವರಿ ಸೀಮೆಯ ಭೀಮವರಂ ಪಟ್ಟಣದಲ್ಲಿ ಜನಿಸಿದರು. ಅದು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಏಳು ಮಕ್ಕಳ ಸಂಸಾರ. ತಂದೆಯ ಅನಾರೋಗ್ಯದಿಂದ ವರಮಾನ ಕುಂದಿದ್ದ ಮನೆ. ಬಾಲಕನಿಗೆ ಓದಿನಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ, ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸಬೇಕೆಂದು ಮನೆಬಿಟ್ಟು ಹೊರಟನು. ವೆಂಕಮ್ಮನವರು ಮಗನನ್ನು ಹಿಂದಕ್ಕೆ ಕರೆಸಿ ಮತ್ತೆ ಶಾಲೆಗೆ ಸೇರಿಸಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವನು ಒಂದಲ್ಲ, ಎರಡು ಬಾರಿ ಅನುತ್ತೀರ್ಣನಾದನು. ಆದರೂ ಆ ತಾಯಿ ಸೋಲೊಪ್ಪಲಿಲ್ಲ. ಮೈಮೇಲಿನ ಒಡವೆಗಳನ್ನು ಮಾರಿ ಮಗನನ್ನು ಮದರಾಸಿಗೆ ಕಳುಹಿಸಿದರು. ಅಲ್ಲಿಯ ಹಿಂದೂ ಹೈಸ್ಕೂಲಿನಿಂದ ಮೂರನೆಯ ಯತ್ನದಲ್ಲಿ ಅವನು ತೇರ್ಗಡೆ ಹೊಂದಿದನು.

ಪ್ರೆಸಿಡೆನ್ಸಿ ಕಾಲೇಜಿನ ದಿನಗಳಲ್ಲಿ ಸುಬ್ಬರಾಯರ ಮನಸ್ಸು ರಾಮಕೃಷ್ಣ ಮಠದ ಕಡೆಗೆ ಹರಿಯಿತು. ಸಂನ್ಯಾಸಕ್ಕೆ ತಾಯಿ ಒಪ್ಪಲಿಲ್ಲ. ತಾಯಿಯ ಸಮ್ಮತಿಯಿಲ್ಲದೆ ಮಠದವರೂ ಸೇರಿಸಿಕೊಳ್ಳಲಿಲ್ಲ. ವೈದ್ಯವಿದ್ಯೆ ಕಲಿತರೆ ಜನಸೇವೆಗೆ ಬೇರೊಂದು ದಾರಿ ತೆರೆಯುವುದೆಂಬ ಸಲಹೆ ಬಂದಿತು. 1915ರಲ್ಲಿ ಅವರು ಮದರಾಸು ಮೆಡಿಕಲ್ ಕಾಲೇಜನ್ನು ಸೇರಿದರು. ಗಾಂಧೀಜಿಯವರ ಕರೆಗೆ ಓಗೊಟ್ಟು ಶಸ್ತ್ರಚಿಕಿತ್ಸೆಯ ಕೊಠಡಿಗೂ ಖಾದಿಯ ನಿಲುವಂಗಿಯನ್ನೇ ತೊಟ್ಟು ಹೋಗತೊಡಗಿದಾಗ ಆಂಗ್ಲ ಪ್ರಾಧ್ಯಾಪಕರು ಮುನಿದರು. ಕೊನೆಗೆ ಅವರಿಗೆ ದೊರೆತದ್ದು ಎಂ.ಬಿ.ಬಿ.ಎಸ್. ಪದವಿಯಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ತೊಟ್ಟ ಬಟ್ಟೆಗಾಗಿ ತೆತ್ತ ಬೆಲೆ ಸಣ್ಣದಾಗಿರಲಿಲ್ಲ.

ಈ ವರ್ಷಗಳಲ್ಲಿಯೇ ಆ ಕುಟುಂಬದ ಮೇಲೆ ಸಿಡಿಲೆರಗಿತು. ಇಬ್ಬರು ಸೋದರರು ಕೆಲವೇ ದಿನಗಳ ಅಂತರದಲ್ಲಿ ಸಂಗ್ರಹಣಿಯಿಂದ ತೀರಿಕೊಂಡರು. ಈ ರೋಗದಲ್ಲಿ ಕರುಳು ಆಹಾರದ ಸಾರವನ್ನು ಹೀರಿಕೊಳ್ಳಲಾರದು. ಉಂಡದ್ದೆಲ್ಲವೂ ಭೇದಿಯಾಗಿ ಹೋಗುತ್ತದೆ. ರಕ್ತ ತೆಳುವಾಗಿ ದೇಹ ಸೊರಗುತ್ತದೆ. ಸುಬ್ಬರಾಯರನ್ನೂ ಅದೇ ವ್ಯಾಧಿ ಹಿಡಿಯಿತು. ಅವರನ್ನು ಉಳಿಸಿದ್ದು ವೈದ್ಯರಾದ ಆಚಂಟ ಲಕ್ಷ್ಮೀಪತಿಯವರು ನೀಡಿದ ಆಯುರ್ವೇದದ ಔಷಧ. ಬದುಕಿದ್ದು ಸಂತೋಷವೇ, ಆದರೆ ಆ ಔಷಧದಲ್ಲಿ ತಮ್ಮನ್ನು ಉಳಿಸಿದ ಅಂಶ ಯಾವುದು, ಸೋದರರ ರಕ್ತಕ್ಕೆ ಕೊರತೆಯಾದದ್ದು ಏನು ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಕೆಲಕಾಲ ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಪಾಠ ಹೇಳಿದ ಮೇಲೆ, 1920ರ ದಶಕದ ಆರಂಭದಲ್ಲಿ, ಮಾವನವರ ನೆರವಿನಿಂದ ಅಮೆರಿಕದ ಬಾಸ್ಟನ್ ನಗರಕ್ಕೆ ತೆರಳಿದರು. ಅವರನ್ನು ಬೀಳ್ಕೊಟ್ಟ ಪತ್ನಿ ಶೇಷಗಿರಿಯವರು ಆಗ ಗರ್ಭಿಣಿ. ಹುಟ್ಟಿದ ಗಂಡುಮಗು ಶೈಶವದಲ್ಲಿಯೇ ಮಡಿಯಿತು. ತಂದೆ ಅದರ ಮುಖವನ್ನು ಕಾಣಲಿಲ್ಲ.

ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯೆಗೆ ಸ್ಥಳ ಸಿಕ್ಕಿತು. ಹೊಟ್ಟೆಗೆ ದಾರಿ ಸಿಕ್ಕಲಿಲ್ಲ. ಹಗಲು ಉಷ್ಣವಲಯದ ರೋಗಗಳನ್ನು ಅಭ್ಯಸಿಸುತ್ತ, ರಾತ್ರಿ ಆಸ್ಪತ್ರೆಯೊಂದರಲ್ಲಿ ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆಯುತ್ತ ಅವರು ದಿನ ನೂಕಿದರು. ಬಳಿಕ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕ್ ಅವರೊಡನೆ ಕೆಲಸಕ್ಕೆ ಸೇರಿದರು. ರಕ್ತದಲ್ಲಿಯೂ ಮೂತ್ರದಲ್ಲಿಯೂ ಇರುವ ರಂಜಕವನ್ನು ಬಣ್ಣದ ಗಾಢತೆಯಿಂದ ಅಳೆಯುವ ವಿಧಾನವನ್ನು ಇಬ್ಬರೂ 1925ರಲ್ಲಿ ಪ್ರಕಟಿಸಿದರು. ಇಂದಿಗೂ ಅದು ಫಿಸ್ಕ್–ಸುಬ್ಬರಾವ್ ವಿಧಾನವೆಂದೇ ಪ್ರಸಿದ್ಧ.

ಅಳೆಯುವ ಉಪಾಯ ಕೈಗೆ ಬಂದ ಕೂಡಲೆ ಸ್ನಾಯುವಿನ ಗುಟ್ಟು ಬಯಲಾಗತೊಡಗಿತು. ಸ್ನಾಯು ಕುಗ್ಗಿ ಹಿಗ್ಗುವ ಶಕ್ತಿ ಅದಕ್ಕೆ ಎಲ್ಲಿಂದ ಬರುತ್ತದೆ? ಲ್ಯಾಕ್ಟಿಕ್ ಆಮ್ಲವೇ ಅದರ ಮೂಲವೆಂದು ಅಂದಿನ ವಿದ್ವಾಂಸರು ನಂಬಿದ್ದರು. ಆ ಕ್ಷೇತ್ರದ ಸಂಶೋಧನೆಗೆ 1922ರ ನೊಬೆಲ್ ಪಾರಿತೋಷಕವೂ ಸಂದಿತ್ತು. 1927ರಲ್ಲಿ ಫಿಸ್ಕ್ ಮತ್ತು ಸುಬ್ಬರಾಯರು ಸ್ನಾಯುವಿನಿಂದ ಫಾಸ್ಫೋಕ್ರಿಯಾಟಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. 1929ರಲ್ಲಿ ಎ.ಟಿ.ಪಿ. ಎಂಬ ಮತ್ತೊಂದನ್ನು ಕಂಡರು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಹ್ಮನ್ ಅವರೂ ಸ್ವತಂತ್ರವಾಗಿ ಅದನ್ನು ಕಂಡಿದ್ದರು. ಎ.ಟಿ.ಪಿ. ಜೀವಕೋಶದ ಕೈಯಲ್ಲಿರುವ ಚಿಲ್ಲರೆ ಹಣ. ಅದು ಮುಗಿಯುತ್ತ ಬಂದಂತೆ ತಟ್ಟನೆ ತುಂಬಿಕೊಡುವ ಗಂಟು ಫಾಸ್ಫೋಕ್ರಿಯಾಟಿನ್. ಅದರೊಳಗಿನ ಕ್ರಿಯಾಟಿನ್ ಅನ್ನು ದೇಹವು ಮೂರು ಅಮೈನೋ ಆಮ್ಲಗಳಿಂದ ಕಟ್ಟಿಕೊಳ್ಳುತ್ತದೆ. ಅಮೈನೋ ಆಮ್ಲಗಳೆಂದರೆ ನಾವು ಉಂಡ ಬೇಳೆ, ಹಾಲು, ಜೋಳಗಳ ಸಸಾರಜನಕವು ಜೀರ್ಣವಾಗಿ ರಕ್ತವನ್ನು ಸೇರುವ ಸಣ್ಣ ಸಣ್ಣ ಘಟಕಗಳು. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಮಿಡಿಯುವ ಹೃದಯಕ್ಕೆ ವಿಶ್ರಾಂತಿಯೆಂಬುದಿಲ್ಲ. ಅದರ ಸ್ನಾಯುವಿನಲ್ಲಿರುವ ಎ.ಟಿ.ಪಿ. ಕೆಲವು ಕ್ಷಣಗಳಿಗೆ ಮಾತ್ರ ಸಾಲುವಷ್ಟು. ಖರ್ಚಾದಂತೆಲ್ಲ ಅದು ಮತ್ತೆ ಮತ್ತೆ ಹುಟ್ಟುತ್ತಲೇ ಇರಬೇಕು.

ಇಷ್ಟಾದರೂ ಹಾರ್ವರ್ಡ್‌ನಲ್ಲಿ ಸುಬ್ಬರಾಯರಿಗೆ ಕಾಯಂ ಹುದ್ದೆ ದೊರೆಯಲಿಲ್ಲ. ಪ್ರಕಟವಾಗದೆ ಉಳಿದ ಅವರ ಕೆಲವು ಶೋಧಗಳನ್ನು ಬೇರೆಯವರು ಮುಂದೆ ಹೊಸದಾಗಿ ಕಂಡುಹಿಡಿಯಬೇಕಾಯಿತೆಂದು, ಅದೇ ಪ್ರಯೋಗಶಾಲೆಯಲ್ಲಿ ಕಲಿತು ಬಳಿಕ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್ ನೆನೆದಿದ್ದಾರೆ. ಸ್ವಭಾವತಃ ಸುಬ್ಬರಾಯರು ಹಿಂದೆ ಸರಿದು ನಿಲ್ಲುವವರು. ಅದು ಗುಣವೆಂದು ಹೊಗಳುವುದು ಸುಲಭ. ಆದರೆ ಅದರಿಂದ ಅವರಿಗೆ ನಷ್ಟವಾಯಿತೆಂಬುದೂ ನಿಜ.

1940ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲಿ ಔಷಧ ಸಂಸ್ಥೆಯನ್ನು ಸೇರಿ, ಅದರ ಸಂಶೋಧನಾ ವಿಭಾಗದ ನಿರ್ದೇಶಕರಾದರು. ಸೋದರರನ್ನು ನುಂಗಿದ ವ್ಯಾಧಿಯ ಕಡೆಗೆ ತಿರುಗುವ ಅವಕಾಶ ಈಗ ಬಂದಿತು. ಕೆಲವು ಬಗೆಯ ರಕ್ತಹೀನತೆ ಪಿತ್ತಜನಕಾಂಗದ ಸಾರದಿಂದ ಗುಣವಾಗುವುದು ಆಗಲೇ ತಿಳಿದಿತ್ತು. ಮುಂಬಯಿಯ ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಪರೀಕ್ಷಿಸಿದ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ, ಯೀಸ್ಟಿನ ಸಾರದಲ್ಲಿಯೂ ಅಂಥ ಗುಣವಿರುವುದನ್ನು 1931ರಲ್ಲಿ ತೋರಿಸಿದ್ದರು. ಸೊಪ್ಪಿನಲ್ಲಿಯೂ ಅದಿತ್ತು; ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದಲೇ ಫೋಲಿಕ್ ಆಮ್ಲವೆಂಬ ಹೆಸರು ಹುಟ್ಟಿತು. ಸುಬ್ಬರಾಯರ ತಂಡವು ಅದರ ರಚನೆಯನ್ನು ಬಿಡಿಸಿ, 1945ರಲ್ಲಿ ಕೃತಕವಾಗಿ ತಯಾರಿಸಿತು. ವೈದ್ಯರು ಅದನ್ನು ಸಂಗ್ರಹಣಿಯ ರೋಗಿಗಳಿಗೆ ಕೊಟ್ಟಾಗ ಅವರ ರಕ್ತ ತುಂಬಿಕೊಂಡಿತು, ನಾಲಗೆಗೆ ರುಚಿ ಮರಳಿತು. ಭೀಮವರಂನಿಂದ ಹೊತ್ತು ತಂದ ಪ್ರಶ್ನೆಗೆ ದೊರೆತ ಉತ್ತರವಿದು. ಸೋದರರು ಸತ್ತು ಎರಡು ದಶಕಗಳಿಗೂ ಹೆಚ್ಚು ಕಾಲವಾಗಿತ್ತು.

ಫೋಲಿಕ್ ಆಮ್ಲದ ಕೆಲಸ ರಕ್ತಕಣಗಳನ್ನು ಬೆಳೆಸುವುದಷ್ಟೇ ಅಲ್ಲವೆಂಬುದು ಕ್ರಮೇಣ ತಿಳಿದುಬಂದಿತು. ಮೆಥಿಯೊನಿನ್ ಎಂಬ ಅಮೈನೋ ಆಮ್ಲವು ದೇಹದಲ್ಲಿ ಬಳಕೆಯಾದ ಮೇಲೆ ಹೋಮೋಸಿಸ್ಟೀನ್ ಎಂಬ ಇನ್ನೊಂದು ಅಮೈನೋ ಆಮ್ಲವಾಗಿ ಉಳಿಯುತ್ತದೆ. ಅದನ್ನು ಮರಳಿ ಮೆಥಿಯೊನಿನ್ ಆಗಿ ಮಾಡಲು ಫೋಲಿಕ್ ಆಮ್ಲವೂ ಬಿ12 ಜೀವಸತ್ವವೂ ಬೇಕು. ಅವು ಸಾಲದಾದರೆ ಹೋಮೋಸಿಸ್ಟೀನ್ ರಕ್ತದಲ್ಲಿ ಕಲೆಹಾಕುತ್ತದೆ. ಹೀಗೆ ಕಲೆಹಾಕುವ ವಂಶಪಾರಂಪರ್ಯದ ರೋಗವಿದ್ದ ಎಳೆಯ ಮಕ್ಕಳ ರಕ್ತನಾಳಗಳು ಮುದುಕರ ನಾಳಗಳಂತೆ ಕೆಟ್ಟಿರುವುದನ್ನು 1969ರಲ್ಲಿ ಬಾಸ್ಟನ್ನಿನ ಕಿಲ್ಮರ್ ಮೆಕಲಿ ಎಂಬ ವೈದ್ಯರು ವರದಿ ಮಾಡಿದರು. ರಕ್ತದಲ್ಲಿ ಇದು ಹೆಚ್ಚಿದ್ದವರಲ್ಲಿ ಹೃದ್ರೋಗವೂ ಪಾರ್ಶ್ವವಾಯುವೂ ಹೆಚ್ಚೆಂದು ಅನಂತರದ ಅಧ್ಯಯನಗಳು ಹೇಳಿದವು. ಹಾಗೆಂದು ಫೋಲಿಕ್ ಆಮ್ಲದ ಮಾತ್ರೆ ಹೃದಯಕ್ಕೆ ಕವಚವೆಂದು ಭಾವಿಸಬಾರದು. ದೊಡ್ಡ ಪರೀಕ್ಷೆಗಳಲ್ಲಿ ಅದು ಹೋಮೋಸಿಸ್ಟೀನನ್ನು ಇಳಿಸಿತೇ ಹೊರತು ಹೃದಯಾಘಾತಗಳನ್ನು ಗಮನಾರ್ಹವಾಗಿ ತಡೆಯಲಿಲ್ಲ. ಪಾರ್ಶ್ವವಾಯು ಮಾತ್ರ ತುಸು ಕಡಿಮೆಯಾಯಿತು. ಆದರೆ ಹುಟ್ಟುವ ಮಕ್ಕಳ ಬೆನ್ನುಹುರಿಯ ದೋಷಗಳನ್ನು ಅದು ತಡೆಯುವುದು ನಿಶ್ಚಿತವಾಗಿದೆ.

ಫೋಲಿಕ್ ಆಮ್ಲದ ರಚನೆಯನ್ನೇ ಕೊಂಚ ಮಾರ್ಪಡಿಸಿ, ಅದರ ಕೆಲಸಕ್ಕೆ ಅಡ್ಡಬರುವ ವಸ್ತುಗಳನ್ನೂ ಸುಬ್ಬರಾಯರ ತಂಡ ಸಿದ್ಧಗೊಳಿಸಿತು. ಅವುಗಳಲ್ಲೊಂದಾದ ಅಮಿನಾಪ್ಟೆರಿನ್ ಅನ್ನು ಸಿಡ್ನಿ ಫಾರ್ಬರ್ ಅವರು ರಕ್ತದ ಕ್ಯಾನ್ಸರ್ ಪೀಡಿತ ಮಕ್ಕಳಿಗೆ ನೀಡಿ, ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟುವುದನ್ನು ಕಂಡರು. ಕಲಬುರಗಿ, ಬೀದರ ಜಿಲ್ಲೆಗಳ ಜನರಿಗೆ ಆನೆಕಾಲು ರೋಗದ ನಿವಾರಣೆಗಾಗಿ ಮನೆಮನೆಯಲ್ಲಿ ನುಂಗಿಸಿದ ಡಿ.ಇ.ಸಿ. ಮಾತ್ರೆಯೂ ಅವರ ಪ್ರಯೋಗಶಾಲೆಯಿಂದಲೇ ಬಂದುದು. ಆರಿಯೋಮೈಸಿನ್ ಎಂಬ ಆ್ಯಂಟಿಬಯೋಟಿಕ್ ಕೂಡ ಅಲ್ಲಿಯ ಶೋಧವೇ. ಅದನ್ನು 1948ರಲ್ಲಿ ಲೋಕಕ್ಕೆ ಪರಿಚಯಿಸಿದಾಗ ಅದನ್ನು ಕಂಡ ಸಹೋದ್ಯೋಗಿ ಬೆಂಜಮಿನ್ ಡಗ್ಗರ್ ಅವರನ್ನು ಮುಂದಿರಿಸಿ ತಾವು ಹಿಂದುಳಿದರು.

ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ, ಒಂದು ರಾತ್ರಿ ನಿದ್ರೆಯಲ್ಲಿರುವಾಗಲೇ ಸುಬ್ಬರಾಯರು ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ ಐವತ್ತಮೂರು ವರ್ಷ. ಅಮೆರಿಕದ ಪೌರತ್ವವನ್ನು ಅವರು ಪಡೆದಿರಲಿಲ್ಲ, ತಾಯ್ನಾಡಿಗೂ ಮರಳಿರಲಿಲ್ಲ. ಶೇಷಗಿರಿಯವರು ಕಾಯುತ್ತಲೇ ಉಳಿದರು. ಜನ್ಮಶತಮಾನೋತ್ಸವದ ವರ್ಷವಾದ 1995ರಲ್ಲಿ ಭಾರತ ಸರ್ಕಾರವು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ಅದಕ್ಕೂ ಮೊದಲೇ, 1953ರಲ್ಲಿ, ಹೊಸದಾಗಿ ಗುರುತಿಸಿದ ಒಂದು ಶಿಲೀಂಧ್ರಕ್ಕೆ ಸುಬ್ಬರೋಮೈಸಿಸ್ ಎಂದು ಹೆಸರಿಡಲಾಗಿತ್ತು.