ಮೀನು ಮಾರುಕಟ್ಟೆಯಿಂದ ಬಂದ ಗವರ್ನರ್: ಆಲ್ ಸ್ಮಿತ್



ಅಮೆರಿಕದಲ್ಲಿ ದೊಡ್ಡ ಪಕ್ಷವೊಂದರಿಂದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ ಮೊದಲ ಕಥೋಲಿಕರು ಆಲ್ ಸ್ಮಿತ್. 1873ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಇವರು, ಬಾಲ್ಯದಲ್ಲಿ ಸಂತ ಜೇಮ್ಸರ ಚರ್ಚಿನ ಬಲಿಪೂಜೆಯಲ್ಲಿ ಗುರುಗಳಿಗೆ ನೆರವಾಗುತ್ತಿದ್ದರು. ತಂದೆ ತೀರಿಕೊಂಡ ಮೇಲೆ ಶಾಲೆ ಬಿಟ್ಟು, ಮುಂದೆ ಫುಲ್ಟನ್ ಮೀನು ಮಾರುಕಟ್ಟೆಯಲ್ಲಿ ದುಡಿದರು. 1904ರಲ್ಲಿ ಶಾಸಕರಾದರು.

1911ರಲ್ಲಿ ನಗರದ ಟ್ರಯಾಂಗಲ್ ಉಡುಪು ಕಾರ್ಖಾನೆಗೆ ಬೆಂಕಿ ಬಿತ್ತು. ಒಂದು ಬಾಗಿಲಿಗೆ ಬೀಗ ಹಾಕಿದ್ದರಿಂದ ಹಲವರು ಹೊರಬರಲಾಗಲಿಲ್ಲ. ಸತ್ತ 146 ಮಂದಿಯಲ್ಲಿ ಹೆಚ್ಚಿನವರು ಯೆಹೂದಿ ಮತ್ತು ಇಟಾಲಿಯನ್ ಹೆಣ್ಣುಮಕ್ಕಳು. ತನಿಖಾ ಆಯೋಗದ ಉಪಾಧ್ಯಕ್ಷರಾದ ಸ್ಮಿತ್ ಕಾರ್ಖಾನೆಗಳನ್ನು ಸ್ವತಃ ನೋಡಿದರು. ಕಾರ್ಮಿಕರ ಸುರಕ್ಷತೆಗೆ ಹೊಸ ಕಾನೂನುಗಳನ್ನು ತರಲು ಶ್ರಮಿಸಿದರು. ಜನ ಅವರನ್ನು ನಾಲ್ಕು ಬಾರಿ ಗವರ್ನರ್ ಆಗಿ ಆರಿಸಿದರು.

1928ರಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿಯಾದಾಗ, ಇವರು ಗೆದ್ದರೆ ದೇಶ ಪೋಪರ ಕೈಸೇರುತ್ತದೆಂಬ ಅಪಪ್ರಚಾರ ಹಬ್ಬಿತು. ಸ್ಮಿತ್ ತಮ್ಮ ವಿಶ್ವಾಸವನ್ನು ಮುಚ್ಚಿಡಲಿಲ್ಲ. ಧರ್ಮಸಭೆಯೂ ಸರ್ಕಾರವೂ ಬೇರೆಬೇರೆ ಇರಬೇಕೆಂದು ಬಹಿರಂಗವಾಗಿಯೇ ಬರೆದರು. ಮದ್ಯಪಾನ ನಿಷೇಧವನ್ನು ವಿರೋಧಿಸಿದ್ದೂ ಅವರಿಗೆ ಮುಳುವಾಯಿತು. 48 ರಾಜ್ಯಗಳಲ್ಲಿ 8ನ್ನು ಮಾತ್ರ ಗೆದ್ದು, ಹೂವರ್ ಎದುರು ಸೋತರು.

1944ರಲ್ಲಿ ಅವರು ತೀರಿಕೊಂಡರು. 1960ರಲ್ಲಿ ಕಥೋಲಿಕರಾದ ಕೆನಡಿ ಅಧ್ಯಕ್ಷರಾಗಿ ಗೆದ್ದರು. ಎಷ್ಟೋ ಮತದಾರರು ಸ್ಮಿತ್ ಅವರ ಧರ್ಮ ಯಾವುದೆಂದು ನೋಡಿದರು. ಸ್ಮಿತ್ ತಂದ ಕಾನೂನು ಮಾತ್ರ ಯಾವ ಕಾರ್ಮಿಕರ ಧರ್ಮವನ್ನೂ ಕೇಳಲಿಲ್ಲ.