ಇಸ್ಪೀಟಿನ ಅರಸ, ಇತಿಹಾಸದ ಆಟ

ಮುಮ್ಮಡಿ ಕೃಷ್ಣರಾಜ ಒಡೆಯರ್ ಎಂದ ಕೂಡಲೇ ಮೈಸೂರಿನವರಿಗೆ ಜಗನ್ಮೋಹನ ಅರಮನೆ ನೆನಪಾಗುತ್ತದೆ. ಅವರು ಹೊಸ ಹೊಸ ಇಸ್ಪೀಟು ಆಟಗಳನ್ನು ರೂಪಿಸಿದವರೂ ಹೌದು ಎಂಬುದು ನನ್ನ ವಯಸ್ಸಿನ ಅನೇಕರಿಗೆ ಗೊತ್ತಿಲ್ಲ.

ಅವರು ಹುಟ್ಟಿದ್ದು 1794ರಲ್ಲಿ. ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ಮೇಲೆ, 1799ರ ಜೂನ್ 30ರಂದು ಬ್ರಿಟಿಷರು ಐದು ವರ್ಷದ ಈ ಬಾಲಕನನ್ನು ಸಿಂಹಾಸನದಲ್ಲಿ ಕೂರಿಸಿದರು. ದಿವಾನ್ ಪೂರ್ಣಯ್ಯನವರು ರಾಜ್ಯ ನಡೆಸಿದರು. ಅವರ ನಂತರ ಅಧಿಕಾರ ಯುವ ಅರಸರ ಕೈಗೆ ಬಂತು.

ಅವರ ಹೆಸರಿನ ಬೃಹತ್ ಗ್ರಂಥ ಶ್ರೀತತ್ತ್ವನಿಧಿಯಲ್ಲಿ ಒಂಬತ್ತು ಭಾಗಗಳಿವೆ. ಕೌತುಕನಿಧಿ ಎಂಬ ಭಾಗದಲ್ಲಿ ಹದಿಮೂರು ಬಗೆಯ ಇಸ್ಪೀಟು ಆಟಗಳ ವಿವರ ಇದೆ. ಇವುಗಳಿಗೆ ಛದ ಎಂದು ಹೆಸರು. 36 ಎಲೆಗಳ ಕಟ್ಟಿನಿಂದ 360 ಎಲೆಗಳ ಕಟ್ಟಿನವರೆಗೂ ಇವೆ. ಚದುರಂಗದ ಕುದುರೆ ಪ್ರತಿ ಮನೆಯನ್ನೂ ಒಂದೊಂದೇ ಸಲ ಮುಟ್ಟಿ ಬರುವ ಸಮಸ್ಯೆಯಲ್ಲೂ ಅವರಿಗೆ ಅಪಾರ ಆಸಕ್ತಿಯಿತ್ತು.

ಚದುರಂಗದಲ್ಲಿ ಎಲ್ಲವೂ ಕಣ್ಣೆದುರಿಗೇ ಇರುತ್ತದೆ. ಇಸ್ಪೀಟಿನಲ್ಲಿ ಹಾಗಲ್ಲ. ದಶಾವತಾರ ಗಂಜೀಫಾದಲ್ಲಿ ಹತ್ತು ಬಣ್ಣ, ಬಣ್ಣಕ್ಕೆ ಹನ್ನೆರಡರಂತೆ 120 ಎಲೆಗಳು. ಮೂವರು ಆಡಿದರೆ ತಲಾ 40. ನನ್ನ ಕೈಯಲ್ಲಿಲ್ಲದ ಒಂದು ರಾಜ ಉಳಿದಿಬ್ಬರಲ್ಲಿ ಯಾರ ಬಳಿ ಇರಬಹುದು? ಆರಂಭದಲ್ಲಿ ಇಬ್ಬರಿಗೂ ಸಮ ಸಾಧ್ಯತೆ. ಒಂದೊಂದು ಎಲೆ ಬಿದ್ದಂತೆ, ಯಾರು ಏನನ್ನು ಬಿಟ್ಟುಕೊಟ್ಟರು, ಏನನ್ನು ಉಳಿಸಿಕೊಂಡರು ಎಂಬುದನ್ನು ನೋಡಿ ಲೆಕ್ಕ ಬದಲಿಸಬೇಕು. ನಾವು ಎಂಜಿನಿಯರಿಂಗ್ ತರಗತಿಯಲ್ಲಿ ಷರತ್ತುಬದ್ಧ ಸಂಭವನೀಯತೆ ಎಂದು ಓದುವುದು ಇದನ್ನೇ. ಇಂದಿನ ಪೋಕರ್ ಆಟಗಾರರು ಎದುರಾಳಿಯದು ಇದೇ ಎಲೆ ಎಂದು ಊಹಿಸುವುದಿಲ್ಲ. ಇರಬಹುದಾದ ಎಲೆಗಳ ಪಟ್ಟಿಯನ್ನು ಮನಸ್ಸಿನಲ್ಲಿಟ್ಟು, ಪ್ರತಿ ಪಣಕ್ಕೂ ಅದನ್ನು ಕಿರಿದು ಮಾಡುತ್ತಾ ಹೋಗುತ್ತಾರೆ. ಅದಕ್ಕೆ ರೇಂಜ್ ಎನ್ನುತ್ತಾರೆ.

ಆದರೆ ರಾಜ್ಯದ ಆಟದಲ್ಲಿ ಮುಮ್ಮಡಿಯವರು ಮೊದಲು ಸೋತರು. ತೆರಿಗೆಯ ಭಾರ ಮತ್ತು ಅಧಿಕಾರಿಗಳ ಕಿರುಕುಳದಿಂದ ಬೇಸತ್ತ ನಗರ ಸೀಮೆಯ ರೈತರು ದಂಗೆ ಎದ್ದರು. ಅದನ್ನೇ ನೆಪವಾಗಿಸಿ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನು ಕಿತ್ತುಕೊಂಡರು. ಅರಸರಿಗೆ ಉಳಿದದ್ದು ಬಿರುದು, ಅರಮನೆ ಮತ್ತು ಆದಾಯದ ಒಂದು ಪಾಲು. ಆಗ ಅವರಿಗೆ 37 ವರ್ಷ.

ಮುಂದಿನ ಆಪತ್ತು ಇನ್ನೂ ದೊಡ್ಡದು. ಡಾಲ್‌ಹೌಸಿಯ ಕಾಲದಲ್ಲಿ ಗಂಡು ಸಂತಾನವಿಲ್ಲದ ಅರಸರ ಸತಾರಾ, ಝಾನ್ಸಿ, ನಾಗಪುರ ರಾಜ್ಯಗಳು ಬ್ರಿಟಿಷರ ಪಾಲಾದವು. ಮುಮ್ಮಡಿಯವರಿಗೂ ಪಟ್ಟಕ್ಕೆ ಬರುವ ಮಗನಿರಲಿಲ್ಲ. ಅವರು ಕಾದರು. 1857ರ ದಂಗೆಯಲ್ಲಿ ಬ್ರಿಟಿಷರ ಪರ ನಿಂತರು. ಮರುವರ್ಷ ಕಂಪನಿ ಆಡಳಿತ ಮುಗಿದು, ದೇಶೀಯ ಅರಸರ ಒಪ್ಪಂದಗಳನ್ನು ಗೌರವಿಸುವುದಾಗಿ ರಾಣಿ ಘೋಷಿಸಿದರು. ಎದುರಾಳಿ ಹೊಸ ಎಲೆ ಇಳಿಸಿದಂತಾಯಿತು.

ಅಧಿಕಾರ ಮರಳಿಸಿ ಎಂಬ ಅವರ ಮನವಿಗೆ ಕಲ್ಕತ್ತಾ ಒಪ್ಪಲಿಲ್ಲ. 1865ರಲ್ಲಿ ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ಪಡೆದಾಗಲೂ ಉತ್ತರಾಧಿಕಾರಕ್ಕೆ ಮಾನ್ಯತೆ ಸಿಗಲಿಲ್ಲ. ಆದರೆ ಕಲ್ಕತ್ತಾದ ಅಭಿಪ್ರಾಯವೂ ಲಂಡನ್ನಿನ ಅಭಿಪ್ರಾಯವೂ ಒಂದೇ ಆಗಿರಬೇಕಿಲ್ಲ ಎಂಬುದನ್ನು ಅವರು ಬಲ್ಲವರಾಗಿದ್ದರು. ತಮ್ಮ ವಾದವನ್ನು ಲಂಡನ್ನಿಗೇ ಮುಟ್ಟಿಸಿದರು. 1867ರಲ್ಲಿ ಅಲ್ಲಿನ ಸರ್ಕಾರ ದತ್ತುಪುತ್ರನ ಹಕ್ಕನ್ನು ಒಪ್ಪಿತು. 1868ರ ಮಾರ್ಚ್ 27ರಂದು ಮುಮ್ಮಡಿಯವರು ತೀರಿಕೊಂಡರು. 1881ರಲ್ಲಿ ಆಡಳಿತ ಚಾಮರಾಜೇಂದ್ರರಿಗೆ ಮರಳಿತು. ಕಳೆದುಕೊಂಡವರಿಗೆ ಅದನ್ನು ನೋಡುವ ಭಾಗ್ಯವಿರಲಿಲ್ಲ.

ಅವರ ಆಟಗಳನ್ನು ಕೆಲಸವಿಲ್ಲದ ಅರಸನ ಕಾಲಹರಣ ಎನ್ನುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಕಾಣದ ಎಲೆಗಳ ಬಗ್ಗೆ ಆತುರದ ತೀರ್ಮಾನಕ್ಕೆ ಬಾರದೆ, ಕಂಡದ್ದನ್ನೆಲ್ಲ ನೆನಪಿಟ್ಟು, ಸರಿಯಾದ ಹೊತ್ತಿಗೆ ತನ್ನ ಎಲೆ ಇಳಿಸುವುದು ಗಂಜೀಫಾದ ಪಾಠ. ದೂರದ ಲಂಡನ್ನಿನ ಮನಸ್ಸನ್ನು ಹೀಗೆ ಅಳೆದವರಿಗೆ, ಹತ್ತಿರದ ನಗರದ ರೈತರ ಮನಸ್ಸು ಮಾತ್ರ ಸಕಾಲದಲ್ಲಿ ತಿಳಿಯಲಿಲ್ಲ. ಅವರ ಬದುಕಿನಿಂದ ನಾವು ಈ ಎರಡನ್ನೂ ಕಲಿಯಬೇಕು.